ಎದುರು ಕುರ್ಚಿಯ ಮುಯ್ಯಿ

ಮೊದಲ ಕಂಪನಿಯಲ್ಲಿ ನಾನು ಸೋತದ್ದು ಉತ್ತರ ಗೊತ್ತಿಲ್ಲದೆ ಅಲ್ಲ, ಬಾಯಿ ಬಿಡದೆ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಆ ದಿನಗಳಲ್ಲಿ ನನ್ನನ್ನು ದಡ್ಡಿ ಎಂದುಕೊಂಡವರು ಬಹಳ ಜನ ಇದ್ದರು, ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಕಂಪ್ಯೂಟರ್ ಸೈನ್ಸಿನ ಕೊನೆಯ ವರ್ಷ ಶುರುವಾಗಿ ಕಾಲೇಜಿಗೆ ಕಂಪನಿಗಳು ಬರತೊಡಗಿದ್ದವು. ಬರುವುದು ಅಂದರೆ ಅವರೇನು ಕಾರವಾರಕ್ಕೆ ಬಂದು ಮೀನೂಟ ಮಾಡಿ ಹೋಗುತ್ತಿರಲಿಲ್ಲ. ಹೆಚ್ಚಿನವರು ಲ್ಯಾಪ್‌ಟಾಪಿನ ಪರದೆಯಲ್ಲೇ ಬಂದು ಅಲ್ಲೇ ಮಾಯವಾಗುತ್ತಿದ್ದರು. ನನಗೆ ಸಿಕ್ಕವರು ಒಬ್ಬ ಕನ್ನಡಕದ ಮನುಷ್ಯ. ಒಂದು ಸಾಲಿನಲ್ಲಿ ಎರಡನೇ ಸಲ ಬಾರದ ಮೊದಲ ಅಕ್ಷರ ಯಾವುದು, ಅದನ್ನು ಹುಡುಕುವ ಪ್ರೋಗ್ರಾಂ ಬರೆಯಿರಿ ಅಂದರು. ನನಗದು ನೀರು ಕುಡಿದಷ್ಟು ಸಲೀಸು. ತಲೆ ತಗ್ಗಿಸಿ ಬರೆಯತೊಡಗಿದೆ. ನಡುವೆ ಅವರು, ನನ್ನ ಮಾತು ಕೇಳಿಸುತ್ತಿದೆಯಾ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು, ಮತ್ತೆ ತಲೆಯಾಡಿಸಿದೆ. ಅವರ ಪರದೆಯಲ್ಲಿ ಕಾಣುತ್ತಿದ್ದದ್ದು ನಾನು ಬರೆಯುತ್ತಿದ್ದ ಕೋಡ್ ಮಾತ್ರ, ನನ್ನ ಮುಖ ಅಲ್ಲ ಎಂದು ನನಗೆ ತಿಳಿದದ್ದು ಕರೆ ಮುಗಿದ ಮೇಲೆ.

ಆಯ್ಕೆಯಾದವರಲ್ಲಿ ನಾನಿರಲಿಲ್ಲ. ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಸರ್ ನನ್ನನ್ನು ಕರೆದು ಸಮಾಧಾನದಿಂದಲೇ ತಿಳಿಸಿದರು. ಪ್ರೋಗ್ರಾಂ ಸರಿ ಇತ್ತಂತೆ, ಆದರೆ ಹುಡುಗಿ ಏನು ಯೋಚಿಸುತ್ತಿದ್ದಾಳೆ ಎಂದು ಕೊನೆವರೆಗೂ ಗೊತ್ತಾಗಲಿಲ್ಲವಂತೆ. ಈಗೀಗ ಉತ್ತರ ಸರಿ ಇದ್ದರಷ್ಟೇ ಸಾಲದು. ಬರೆಯುತ್ತ ಬರೆಯುತ್ತ ಮನಸ್ಸಿನಲ್ಲಿ ಓಡುವುದನ್ನೆಲ್ಲ ಬಾಯಲ್ಲಿ ಹೇಳಬೇಕು, ಇಲ್ಲಿ ಹೀಗೆ ಮಾಡುತ್ತೇನೆ, ಅದು ಆಗದಿದ್ದರೆ ಹಾಗೆ ಮಾಡುತ್ತೇನೆ ಅಂತ. ಯಾರನ್ನಾದರೂ ಎದುರು ಕೂರಿಸಿಕೊಂಡು ರೂಢಿ ಮಾಡಿಕೋ, ಮುಂದಿನದಕ್ಕೆ ಆಗುತ್ತದೆ ಅಂದರು.

ನಮ್ಮ ಶೆಟಗೇರಿ ಕಡೆ ತನ್ನಷ್ಟಕ್ಕೆ ಮಾತಾಡಿಕೊಳ್ಳುವವರನ್ನು ಕಂಡರೆ ಏನೋ ಮೆಟ್ಟಿದೆ ಎಂದು ಕಾಯಿ ಒಡೆಸುತ್ತಾರೆ. ನಮ್ಮ ಮನೆಯಲ್ಲಂತೂ ಕೆಲಸದ ಹೊತ್ತಿನಲ್ಲಿ ಯಾರೂ ಬಾಯಿ ತೆರೆಯುವವರಲ್ಲ. ಅಪ್ಪ ಗದ್ದೆಯಂಚಿಗೆ ಮಣ್ಣಿನ ಹಾಳಿ ಕಟ್ಟುವಾಗ ಹಾಳಿಯನ್ನಷ್ಟೇ ನೋಡುತ್ತಾನೆ, ಆಯಿ ಮೀನು ಹೆಚ್ಚುವಾಗ ಮೀನನ್ನಷ್ಟೇ ನೋಡುತ್ತಾಳೆ. ಮಾತು ಬೆಳ್ಳಿ ಮೌನ ಬಂಗಾರ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಬರೆಸಿದ್ದರು. ಒಂದು ದಿನ ಬಂಗಾರ ಮಾರಿ ಬೆಳ್ಳಿ ಕೊಳ್ಳಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಶೆಟಗೇರಿಯಿಂದ ದಿನಾ ಕಾಲೇಜಿಗೆ ಹೋಗಿ ಬರುವುದೆಂದರೆ ಬಸ್ಸು ಬದಲಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಹಾಗಾಗಿ ಸದಾಶಿವಗಡದಲ್ಲಿ, ಹೈವೇಯ ಅಂಚಿನ ಒಂದು ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನತಿ ಕೊಂಕಣಿ ಮಾತಾಡುವ ವಯಸ್ಸಾದ ಹೆಂಗಸು, ಅಂಗಳದ ತುಂಬ ಬಂಗಡೆ ಒಣಗಿಸುವವಳು. ಕೋಣೆಗೆ ಒಂದು ಸಣ್ಣ ಜಗಲಿ ಇತ್ತು. ಜಗಲಿಯಲ್ಲಿ ಕೂತರೆ ಕಾಲೇಜಿನ ಕಡೆಯಿಂದ ಬರುವ ಬಸ್ಸು ನಮ್ಮೆದುರೇ ಹಾದು ಕಾಳಿ ಹೊಳೆಯ ಸೇತುವೆ ಹತ್ತಿ ಕಾರವಾರಕ್ಕೆ ಹೋಗುವುದು ಕಾಣುತ್ತಿತ್ತು. ಹಳೆಯ ಸೇತುವೆ ಬಿದ್ದ ಮೇಲೆ ಎರಡೂ ಕಡೆಯ ಗಾಡಿಗಳು ಒಂದೇ ಸೇತುವೆಗೆ ಮುಗಿಬೀಳುತ್ತಿದ್ದವು, ಬಸ್ಸುಗಳು ನಮ್ಮ ಮನೆಯ ಹತ್ತಿರ ನಿಧಾನವಾಗಲೇಬೇಕಿತ್ತು.

ಆ ಬಸ್ಸಿನಲ್ಲಿ ದಿನಾ ಹೋಗುವವಳು ನನ್ನ ಗೆಳತಿ. ಕಾರವಾರ ಪೇಟೆಯವಳು, ಅಪ್ಪ ಅಮ್ಮ ಇಬ್ಬರೂ ನೌಕರಿಯವರು. ಲ್ಯಾಬಿನಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಕಂಪ್ಯೂಟರಿಗೆ ಕೂತವರು. ಅವಳ ಕಷ್ಟ ನನ್ನದಕ್ಕೆ ತಿರುಗಾಮುರುಗಾ. ಮಾತು ಮಾರಿಯೇ ಬರಗಾಲದಲ್ಲೂ ಬದುಕುವಂಥವಳು, ಆದರೆ ಪ್ರೋಗ್ರಾಂ ಬರೆಯಲು ಹೋದರೆ ಎಲ್ಲೋ ಒಂದು ಕಡೆ ಗಂಟು ಬೀಳುತ್ತಿತ್ತು. ಅವಳು ಕಣ್ಣಿಟ್ಟ ಕಂಪನಿ ಬರುವುದಕ್ಕೆ ಹೆಚ್ಚು ದಿನ ಇರಲಿಲ್ಲ. ನಾನೇ ಹೇಳಿದೆ, ನಾವು ಮುಯ್ಯಾಳು ಮಾಡಿಕೊಳ್ಳೋಣ ಎಂದು.

ಅವಳಿಗೆ ಮುಯ್ಯಾಳು ಅಂದರೇನೆಂದು ಗೊತ್ತಿರಲಿಲ್ಲ, ವಿವರಿಸಬೇಕಾಯಿತು. ನಟ್ಟಿಗೆ, ಕೊಯ್ಲಿಗೆ ಕೂಲಿ ಕೊಟ್ಟು ಆಳು ತರುವ ತಾಕತ್ತು ನಮ್ಮಲ್ಲಿ ಎಲ್ಲರಿಗೂ ಇಲ್ಲ. ಇವತ್ತು ನಾವು ನಿಮ್ಮ ಗದ್ದೆಗೆ ಬರುತ್ತೇವೆ, ನಾಳೆ ನೀವು ನಮ್ಮ ಗದ್ದೆಗೆ ಬನ್ನಿ, ಅಷ್ಟೇ. ಅದರಲ್ಲೂ ಒಂದಷ್ಟು ಕಟ್ಟು ಇದೆ. ತನ್ನ ಗದ್ದೆಯಲ್ಲಿ ಬೇಕಾದರೆ ಸೊಂಟ ನೇರ ಮಾಡಿ ನಿಲ್ಲಬಹುದು, ಇನ್ನೊಬ್ಬರ ಗದ್ದೆಯಲ್ಲಿ ನಿಲ್ಲಬಾರದು. ಇನ್ನೊಂದು, ಮುಯ್ಯಿಗೆ ಬಾಯಿಬಿಟ್ಟು ಕರೆಯಬಾರದು. ಕರೆದು ಪಡೆದರೆ ಅದು ಭಿಕ್ಷೆ ಎಂದು ಆಯಿ ಹೇಳುವುದನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೆ. ಈ ಕೊನೆಯದನ್ನು ಗೆಳತಿಗೆ ಹೇಳಲಿಲ್ಲ. ಹೇಳಿದರೆ ಮುಯ್ಯಿ ಕೇಳಿದಂತೆಯೇ ಆಗುತ್ತದಲ್ಲ ಎಂದು ಬಿಟ್ಟೆ. ಅವಳು ನಕ್ಕು, ಹಾಗಾದರೆ ಮೊದಲು ನನ್ನ ಗದ್ದೆ, ಆಮೇಲೆ ನಿನ್ನದು ಅಂದಳು.

ಹಾಗೆ ಮಳೆಗಾಲದ ಕೊನೆಯ ಆ ದಿನಗಳಲ್ಲಿ ಅವಳು ಕಾಲೇಜು ಮುಗಿಸಿ ನಮ್ಮ ಮನೆಯೆದುರು ಇಳಿಯತೊಡಗಿದಳು. ಯಜಮಾನತಿಯ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಜಗಲಿಯಲ್ಲಿ ಎದುರುಬದುರು ಹಾಕಿ ನಾನು ಕಂಪನಿಯವಳಾಗಿ ಕೂರುತ್ತಿದ್ದೆ, ಅವಳು ಕೆಲಸ ಕೇಳಿ ಬಂದವಳಾಗಿ. ಬೇರೆಯವರ ಗದ್ದೆ ಅಂದ ಮೇಲೆ ಸುಮ್ಮನೆ ಹೋಗುವ ಹಾಗಿಲ್ಲ. ಬೆಳಿಗ್ಗೆಯೇ ಕೂತು ಅವಳಿಗಾಗಿ ಪ್ರಶ್ನೆ ತೆಗೆಯುತ್ತಿದ್ದೆ, ಅವಳು ಎಲ್ಲಿ ಎಡವುತ್ತಾಳೋ ಅಲ್ಲೇ ಮತ್ತೆ ಮತ್ತೆ ಕೆದಕುತ್ತಿದ್ದೆ. ಇಷ್ಟು ಕೆಟ್ಟ ಎಚ್.ಆರ್. ಯಾವ ಕಂಪನಿಯಲ್ಲೂ ಇರಲಿಕ್ಕಿಲ್ಲ ಎಂದು ಅವಳು ಗೊಣಗುವಳು.

ಲಿಂಕ್ಡ್ ಲಿಸ್ಟ್ ಎನ್ನುವುದೊಂದು ಅವಳಿಗೆ ದೊಡ್ಡ ತಲೆನೋವು. ಒಂದಕ್ಕೊಂದು ಕೊಂಡಿ ಹಾಕಿದ ಸಾಲು ಅದು, ಅದನ್ನು ಹಿಂದುಮುಂದಾಗಿ ತಿರುಗಿಸಬೇಕು. ತಿರುಗಿಸುವ ಭರದಲ್ಲಿ ಅವಳು ಮುಂದಿನ ಕೊಂಡಿಯನ್ನೇ ಕೈಬಿಡುತ್ತಿದ್ದಳು, ಉಳಿದ ಸಾಲೆಲ್ಲ ಎಲ್ಲಿಗೋ ಹೋಗುತ್ತಿತ್ತು. ಒಂದು ಸಂಜೆ ನಾನು ಯಜಮಾನತಿಯ ಒಣಮೀನಿನ ಸರವನ್ನೇ ಎತ್ತಿ ತಂದು, ಈ ಮೀನು ಬಿಡಿಸುವ ಮೊದಲು ಮುಂದಿನದನ್ನು ಇನ್ನೊಂದು ಕೈಯಲ್ಲಿ ಹಿಡಿ ಎಂದು ತೋರಿಸಿದೆ. ಅವಳಿಗೆ ಥಟ್ಟನೆ ಹೊಳೆಯಿತು. ಯಜಮಾನತಿ ಬಂದು ಮೀನು ಕಸಿದುಕೊಂಡು, ಇವರು ಓದುವುದೋ ಮೀನು ಕದಿಯುವುದೋ ಎಂದು ಕೊಂಕಣಿಯಲ್ಲಿ ಬೈದಳು. ನಾವಿಬ್ಬರೂ ನಗು ತಡೆಯಲಾರದೆ ಒದ್ದಾಡಿದೆವು. ಅವಳು ಹೋಗಬೇಕಿದ್ದ ಬಸ್ಸು ಅಷ್ಟರಲ್ಲಿ ಹೋಗಿಬಿಟ್ಟಿತ್ತು, ಮುಂದಿನದರವರೆಗೆ ಚಹಾ ಕುಡಿಯುತ್ತ ಕೂತೆವು. ನನ್ನ ಕಾಲೇಜಿನ ನಾಲ್ಕು ವರ್ಷಗಳಲ್ಲಿ ನಾನು ಖುಷಿಯಾಗಿದ್ದ ಕಾಲ ಯಾವುದೆಂದು ಯಾರಾದರೂ ಕೇಳಿದರೆ ಆ ಸಂಜೆಗಳನ್ನೇ ತೋರಿಸುತ್ತೇನೆ.

ಚೌತಿ ಕಳೆದ ಮೇಲೆ ಅವಳ ಕಂಪನಿ ಬಂತು. ಲಿಂಕ್ಡ್ ಲಿಸ್ಟನ್ನೇ ಕೇಳಿದರಂತೆ. ಅವಳು ಒಣಮೀನಿನ ಸರದ ಕಥೆ ಹೇಳಿಯೇ ತಿರುಗಿಸಿ ತೋರಿಸಿದಳಂತೆ, ಅವರು ನಕ್ಕರಂತೆ. ಸಾಯಂಕಾಲ ಅವಳಿಗೆ ಕೆಲಸ ಆಗಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ನನ್ನನ್ನು ತಬ್ಬಿಕೊಂಡು, ನನ್ನ ಬಾಯಿಗೆ ಪೇಡೆ ತುರುಕಿ, ಇನ್ನು ನಿನ್ನ ಗದ್ದೆ ಅಂದಳು. ಅವತ್ತು ನನಗೆ ಆದಷ್ಟು ಸಂತೋಷ ಬಹುಶಃ ಅವಳ ಮನೆಯವರಿಗೂ ಆಗಿರಲಿಕ್ಕಿಲ್ಲ.

ಮಾರನೆಯ ದಿನ ಜಗಲಿಯಲ್ಲಿ ಎರಡು ಕುರ್ಚಿ ಹಾಕಿದೆ. ಈ ಸಲ ನಾನು ಕೆಲಸ ಕೇಳುವವಳ ಕುರ್ಚಿಯಲ್ಲಿ ಕೂತೆ. ಬಸ್ಸು ಬಂತು, ನಿಧಾನವಾಯಿತು, ನಿಲ್ಲಲಿಲ್ಲ. ಮನೆಯಲ್ಲಿ ನೆಂಟರು ಬಂದಿರಬಹುದು, ಕೆಲಸ ಸಿಕ್ಕ ಮನೆ ಅಂದ ಮೇಲೆ ನಾಲ್ಕು ಜನ ಬರುತ್ತಾರೆ ಎಂದುಕೊಂಡೆ. ಅದರ ಮರುದಿನವೂ ಹಾಕಿದೆ. ಆ ವಾರವೆಲ್ಲ ಹಾಕಿದೆ.

ಕಾಲೇಜಿನಲ್ಲಿ ಅವಳು ಸಿಗುತ್ತಲೇ ಇದ್ದಳು. ಸಿಕ್ಕಾಗ ನಗುವಳು, ಊಟ ಆಯ್ತಾ ಎನ್ನುವಳು, ಏನೋ ನೆನಪಾದವಳಂತೆ ಹೋಗಿಬಿಡುವಳು. ಕೆಲಸ ಸಿಕ್ಕವರದೊಂದು ಗುಂಪು ಬೇರೆಯೇ ಆಗಿತ್ತು. ಅವರು ಕ್ಯಾಂಟೀನಿನಲ್ಲಿ ಕಾಲು ಚಾಚಿ ಕೂರುತ್ತಿದ್ದರು, ಯಾವ ಊರಲ್ಲಿ ಪಿ.ಜಿ. ಚೆನ್ನಾಗಿದೆ ಎಂದು ಚರ್ಚೆ ಮಾಡುತ್ತಿದ್ದರು. ಸಿಗದವರು ಗೋಡೆ ಕಡೆ ಮುಖ ಮಾಡಿ ಬೇಗ ತಿಂದು ಏಳುತ್ತಿದ್ದೆವು. ಸಿಗದವರಲ್ಲೂ ಒಂದು ಗುಂಪು ಅಂತ ಇರಲಿಲ್ಲ. ಸೋತವರು ಒಟ್ಟಿಗೆ ಕೂತರೆ ಸೋಲು ಅಂಟುತ್ತದೆ ಎನ್ನುವ ಹಾಗೆ ಒಬ್ಬೊಬ್ಬರೇ ಕೂರುತ್ತಿದ್ದರು.

ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು ಎಂದು ಓದುವವರಿಗೆ ಅನಿಸಬಹುದು. ನನಗೂ ದಿನಕ್ಕೆ ಹತ್ತು ಸಲ ಅನಿಸುತ್ತಿತ್ತು. ಆದರೆ ಆ ಮಾತು ಗಂಟಲಿಗೆ ಬರುವ ಮೊದಲು ಆಯಿಯ ಮಾತು ಬಂದು ಅಡ್ಡ ಕೂರುತ್ತಿತ್ತು. ನಾನು ಸಣ್ಣವಳಿದ್ದಾಗ ಕಂಡದ್ದು ಹೀಗೆ: ಬೆಳಿಗ್ಗೆ ಏಳುವ ಹೊತ್ತಿಗೆ ನಮ್ಮ ಗದ್ದೆಯಲ್ಲಿ ಜನ ತುಂಬಿರುತ್ತಿದ್ದರು, ಯಾರೂ ಕರೆದದ್ದಿಲ್ಲ, ಯಾರೂ ಬೇಡಿದ್ದಿಲ್ಲ, ತಾವಾಗಿಯೇ ಬಂದಿದ್ದರು. ಮನುಷ್ಯರು ಅಂದರೆ ಹಾಗೆ ಎಂದು ನಾನು ತಿಳಿದಿದ್ದೆ. ತಾನಾಗಿ ಬಾರದವಳನ್ನು ಕೈ ಹಿಡಿದು ಎಳೆದು ತಂದು ಕೂರಿಸಿದರೆ ಆ ಕೂರುವುದಕ್ಕೆ ಏನು ಬೆಲೆ.

ಆಮೇಲಾಮೇಲೆ ಸಿಟ್ಟು ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರೆ. ಅವಳಂತೂ ದಿನಾ ನನ್ನ ಕಣ್ಣೆದುರೇ ಹೊಳೆ ದಾಟುತ್ತಿದ್ದಳು. ಸಿಟ್ಟು ಇದ್ದಾಗ ಪರವಾಗಿಲ್ಲ, ಅದೊಂದು ಜೊತೆ. ಸಿಟ್ಟು ಇಳಿದ ಸಂಜೆಗಳಲ್ಲಿ ಬಹಳ ಒಂಟಿ ಅನಿಸುತ್ತಿತ್ತು. ಎದುರು ಖಾಲಿ ಕುರ್ಚಿ, ಆಚೆ ರಸ್ತೆ, ರಸ್ತೆಯ ಮೇಲೆ ಗೋವಾ ಕಡೆಗೆ ಹೋಗುವ ಲಾರಿಗಳು. ಮನೆಗೆ ಫೋನ್ ಮಾಡಿದರೆ ಆಯಿ ಊಟ ಕೇಳುವಳು, ಅಪ್ಪ ಮಳೆ ಕೇಳುವನು, ಅಲ್ಲಿಗೆ ಮಾತು ಮುಗಿಯುವುದು. ಇಡೀ ದಿನದಲ್ಲಿ ನಾನು ಆಡಿದ ಮಾತುಗಳನ್ನು ಒಂದು ಮುಷ್ಟಿಯಲ್ಲಿ ಹಿಡಿಯಬಹುದಿತ್ತು. ಮಾತಾಡಲು ಕಲಿಯಬೇಕಾದ ಹುಡುಗಿಗೆ ಮಾತಾಡಲು ಯಾರೂ ಇರಲಿಲ್ಲ.

ಒಬ್ಬಳೇ ರೂಢಿ ಮಾಡಿಕೊಳ್ಳಲು ನೋಡಿದೆ. ಗೋಡೆಗೆ ಹೇಳಿದೆ, ಗೋಡೆ ಏನೂ ಕೇಳುವುದಿಲ್ಲ, ತಪ್ಪಿದರೆ ಹುಬ್ಬು ಗಂಟಿಕ್ಕುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಆ ಸ್ವರ ಯಾರದೋ ಅನಿಸಿ ಅಳಿಸಿಬಿಟ್ಟೆ. ಒಂದು ಭಾನುವಾರ ಹೊಳೆ ಸಮುದ್ರ ಸೇರುವ ಕಡೆ ಹೋಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೈನರಿ ಸರ್ಚ್ ಎನ್ನುವುದನ್ನು ನೀರಿಗೆ ವಿವರಿಸತೊಡಗಿದೆ. ಎಳೆದು ಹಾಕಿದ ದೋಣಿಯ ಮರೆಯಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬ ತಲೆ ಎತ್ತಿ ನೋಡಿದ. ಅವನ ಮುಖದಲ್ಲಿ ಕಂಡ ಕನಿಕರಕ್ಕೆ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದೆ.

ಯಜಮಾನತಿ ಎಲ್ಲವನ್ನೂ ನೋಡುತ್ತಿದ್ದಳು. ಒಂದು ಸಂಜೆ ಮೀನು ಎತ್ತಿಡುವಾಗ ಜಗಲಿಯ ಹತ್ತಿರ ನಿಂತಳು. ಎದುರಿನ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, "ಇದು ನಿಂಗೆ ಬೇಕ, ಹುಡ್ಗಿ? ಬೇಡ ಆದ್ರೆ ನಾ ಒಳಗೆ ಒಯ್ತೆ, ಮೀನ್ ಬುಟ್ಟಿ ಇಡುಕೆ ಜಾಗ ಇಲ್ಲ" ಅಂದಳು. ಬೇಕು ಅಂದೆ. ಅವಳು ರಸ್ತೆ ನೋಡಿದಳು, ನನ್ನನ್ನು ನೋಡಿದಳು, ಬುಟ್ಟಿಯನ್ನು ನೆಲದ ಮೇಲೆಯೇ ಇಟ್ಟು ಹೋದಳು.

ಅಷ್ಟರಲ್ಲಿ ಇನ್ನೊಂದು ಕಂಪನಿ ಬಂದು ಹೋಯಿತು. ಮತ್ತದೇ. ಬರೆಯುತ್ತ ಮಾತಾಡಬೇಕೆಂದು ನೆನಪಿತ್ತು, ಮಾತಾಡಲು ಹೋದರೆ ಬರೆಯುವುದು ನಿಂತಿತು, ಬರೆಯಲು ಹೋದರೆ ಮಾತು ನಿಂತಿತು. ಕೊನೆಗೆ ಎರಡೂ ನಿಂತವು. ಪ್ಲೇಸ್‌ಮೆಂಟ್ ಸರ್ ಈ ಸಲ ಕರೆಯಲಿಲ್ಲ. ದೀಪಾವಳಿ ಮುಗಿಯುವ ಹೊತ್ತಿಗೆ, ಇನ್ನು ಈ ವರ್ಷಕ್ಕೆ ಕ್ಯಾಂಪಸ್ಸಿಗೆ ಬರುವುದು ಒಂದೇ ಕಂಪನಿ, ಗೋವಾದ ಒಂದು ಸಣ್ಣ ಕಂಪನಿ, ಮುಂದಿನ ಶುಕ್ರವಾರ ಅವರೇ ಖುದ್ದು ಬರುತ್ತಾರೆ ಎಂದು ಸುದ್ದಿ ಬಂತು. ಅದೂ ತಪ್ಪಿದರೆ ಮುಂದೆ ನಮ್ಮಷ್ಟಕ್ಕೆ ನಾವೇ ಹುಡುಕಿಕೊಳ್ಳಬೇಕು. ಕಾಲೇಜಿನೊಳಗೇ ಬಾಯಿ ಬಾರದವಳು ಹೊರಗೆ ಹೋಗಿ ಯಾರ ಬಾಗಿಲು ತಟ್ಟಲಿ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಶನಿವಾರ ಬ್ಯಾಗು ತುಂಬಿಕೊಂಡು ಊರಿಗೆ ಹೋದೆ.

ಊರಲ್ಲಿ ಕೊಯ್ಲು ನಡೆದಿತ್ತು. ಅವರ್ಸಾ ದಾಟಿದಲ್ಲಿಂದಲೇ ಬಸ್ಸಿನೊಳಗೆ ಒಣಹುಲ್ಲಿನ ವಾಸನೆ. ನಮ್ಮ ಗದ್ದೆ ಆಗಲೇ ಕೊಯ್ದು ಮುಗಿದಿತ್ತು, ಆಯಿ ಆಚೆ ಮನೆಯವರ ಗದ್ದೆಗೆ ಹೋಗಿ ಸೊಂಟ ಹಿಡಿದುಕೊಂಡು ಬಂದಿದ್ದಳು. ಮುಖ ಯಾಕೆ ಹೀಗೆ ಎಂದು ಕೇಳಿದಳು. ಪರೀಕ್ಷೆ ಹತ್ತಿರ ಬಂತು ಅಂದೆ. ಗಂಜಿ ಬಡಿಸಿ, ಒಣ ಸಿಗಡಿ ಚಟ್ನಿ ಹಾಕಿ, ಇನ್ನೇನೂ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತು. ನಾನು ಒಳಗಿನ ಮೆಟ್ಟಿಲ ಮೇಲೆ ಕೂತಿದ್ದೆ. ಕೆಳಗಿನ ಕೇರಿಯ ಒಬ್ಬ ಹೆಂಗಸು ಬಂದು ನಮ್ಮ ಅಂಗಳದ ಬೇಲಿಯ ದಣಪೆಯ ಹೊರಗೇ ನಿಂತಳು. ಒಳಗೆ ಬರಲಿಲ್ಲ. ನಿಂತಲ್ಲಿಂದಲೇ, "ನಾಳೆ ನಮ್ದು ಕೊಯ್ಲು" ಅಂದಳು. ಆಯಿ ಒಳಗಿಂದ ಹೂಂ ಅಂದಳು. ಅಷ್ಟೇ. ಬಾ ಎಂದೂ ಹೇಳಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಆ ಹೆಂಗಸು ಮುಂದಿನ ಮನೆಯ ದಣಪೆಗೆ ಹೋದಳು, ಅಲ್ಲೂ ಅದೇ ಮಾತು ಕೇಳಿಸಿತು.

ನಾನು ಇದನ್ನು ಎಂದೂ ನೋಡಿರಲಿಲ್ಲ. ಆ ಹೊತ್ತಿಗೆ ನನ್ನನ್ನು ಯಾವಾಗಲೂ ಒಳಗೆ ಪುಸ್ತಕದ ಮುಂದೆ ಕೂರಿಸುತ್ತಿದ್ದರು, ಓದುವ ಮಗು ಎಂದು. ನಾನು ಕಂಡದ್ದು ಬೆಳಿಗ್ಗೆ ಬಂದು ನಿಂತ ಜನರನ್ನು ಮಾತ್ರ. ಆಯಿ ಹತ್ತಿರ ಹೋಗಿ, ಮುಯ್ಯಿಗೆ ಕರೆಯಬಾರದು ಎಂದು ನೀನೇ ಹೇಳುತ್ತಿದ್ದೆಯಲ್ಲ, ಈಗ ಅವಳು ಕರೆದು ಹೋದಳಲ್ಲ ಎಂದು ಕೇಳಿದೆ.

"ಕರೆದದ್ದೆಲ್ಲಿ? ಹೇಳಿ ಹೋದದ್ದು," ಅಂದಳು ಆಯಿ. "ಹೇಳ್ದೇ ಇದ್ರೆ ಅವರ ಭತ್ತ ಹಣ್ಣಾಯ್ತು ಅಂದು ನಂಗೆ ಹೆಂಗೆ ತಿಳಿಬೇಕು? ನಿನ್ನಪ್ಪನೂ ನಮ್ ಕೊಯ್ಲಿನ ಮುಂಚಿನ ದಿನ ಮನೆ ಮನೆ ತಿರುಗಿ ಬತ್ತಾರೆ. ನಮ್ ದಿನ ಇಂಥದ್ದು ಅಂದು ಹೇಳುಕೆ ಎಂತಾ ನಾಚ್ಕೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ನಾನು ಅರ್ಧ ಕಲಿತ ಒಂದು ಕಟ್ಟನ್ನು ಹಿಡಿದು ಜಗಲಿಯಲ್ಲಿ ಕೂತಿದ್ದೆ. ಆಮೇಲೆ ಎಲ್ಲವನ್ನೂ ಆಯಿಗೆ ಹೇಳಿದೆ, ಕಂಪನಿ, ಗೆಳತಿ, ಕುರ್ಚಿ, ಬಸ್ಸು. ಅವಳು ಪಾತ್ರೆ ತೊಳೆಯುತ್ತ ಕೇಳಿಸಿಕೊಂಡು, "ಓದಿದ್ದ್ ಹೆಚ್ಚಾಯ್ತು ನಿಂಗೆ. ಹೋಗಿ ಹೇಳು" ಅಂದಳು.

ಸೋಮವಾರ ಕಾಲೇಜಿನ ಬಸ್ ಸ್ಟಾಪಿನಲ್ಲಿ ಗೆಳತಿ ಸಿಕ್ಕಳು. ಅವಳ ಸುತ್ತ ಇನ್ನೂ ಇಬ್ಬರಿದ್ದರು. ನಾನು ದಣಪೆಯ ಹೊರಗೆ ನಿಂತವಳ ಹಾಗೆ ಸ್ವಲ್ಪ ದೂರವೇ ನಿಂತೆ. ಶುಕ್ರವಾರ ನನ್ನ ಇಂಟರ್‌ವ್ಯೂ ಇದೆ, ಬುಧವಾರ ನನ್ನ ಗದ್ದೆಯ ಕೆಲಸ ಅಂದೆ. ಜೊತೆಗಿದ್ದವರಿಗೆ ಏನೂ ಅರ್ಥವಾಗಲಿಲ್ಲ. ಅವಳಿಗೆ ಆಯಿತು. ಅವಳ ಮುಖದಲ್ಲಿ ನಗು ಹೋಗಿ ಮತ್ತೇನೋ ಬಂತು. "ಬತ್ತೆ ಗೊ," ಅಂದಳು. ಅಷ್ಟು ಬೇಗ ಹೇಳಿದ್ದಕ್ಕೆ ನನ್ನ ಕಣ್ಣು ತುಂಬಿತು, ಬಸ್ಸು ನೋಡುವ ನೆಪ ಮಾಡಿ ಆಚೆ ತಿರುಗಿದೆ.

ಬುಧವಾರ ಬಸ್ಸು ನಮ್ಮ ಮನೆಯ ಎದುರು ನಿಂತಿತು. ಅವಳು ಇಳಿದು ಬಂದಳು, ಚಹಾ ಬೇಡ ಅಂದಳು, ಎದುರಿನ ಕುರ್ಚಿಯಲ್ಲಿ ಕೂತು ಫೋನನ್ನು ಬ್ಯಾಗಿನೊಳಗೆ ಹಾಕಿದಳು. ಅವಳು ಬೇಕಾಬಿಟ್ಟಿ ಮಾಡಿ ಹೋಗಬಹುದು ಎಂಬ ಅಳುಕು ನನಗಿತ್ತು. ಇಲ್ಲ. ಇನ್ನೊಬ್ಬರ ಗದ್ದೆಯಲ್ಲಿ ಹೇಗೆ ಕೆಲಸ ಮಾಡಬೇಕೋ ಹಾಗೆಯೇ ಮಾಡಿದಳು. ನಾನು ಸುಮ್ಮನಾದ ಕೂಡಲೇ ಕುರ್ಚಿಯ ಕೈಯನ್ನು ಬೆರಳಿನಿಂದ ತಟ್ಟುವಳು, ಈಗ ಏನು ಯೋಚಿಸುತ್ತಿದ್ದಿ ಹೇಳು ಎನ್ನುವಳು. ಗೊತ್ತಿಲ್ಲ ಅಂದರೆ, ಗೊತ್ತಿಲ್ಲ ಅನ್ನುವುದನ್ನಾದರೂ ಗಟ್ಟಿಯಾಗಿ ಹೇಳು ಎನ್ನುವಳು. ಮೊದಲು ನನ್ನ ಮಾತು ಹಳೆಯ ಬಾವಿಯ ರಾಟೆಯ ಹಾಗೆ ಕಿರುಗುಟ್ಟಿತು. ಒಂದು ಬಸ್ಸು ಹೋಯಿತು, ಅವಳು ಏಳಲಿಲ್ಲ. ಇನ್ನೊಂದು ಹೋಯಿತು. ಯಾವಾಗಲೋ ನನಗೆ ತಿಳಿಯದೆಯೇ ಕೈಯೂ ಬಾಯಿಯೂ ಒಟ್ಟಿಗೆ ಓಡತೊಡಗಿದವು. ಇಲ್ಲಿ ಹೀಗೆ ಮಾಡಿದರೆ ನಿಧಾನವಾಗುತ್ತದೆ, ಹಾಗಾಗಿ ಇದನ್ನು ಬಿಟ್ಟು ಅದನ್ನು ಹಿಡಿಯುತ್ತೇನೆ ಎಂದು ನಾನೇ ಹೇಳುವುದನ್ನು ನಾನೇ ಕೇಳಿಸಿಕೊಂಡೆ. ಎದುರಿಗೆ ಅವಳು ತಲೆಯಾಡಿಸುತ್ತಿದ್ದಳು. ಆ ಹಳೆಯ ಸಂಜೆಗಳು ಮರಳಿ ಬಂದವು ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇಂಟರ್‌ವ್ಯೂ ಶುಕ್ರವಾರ ಇದೆ ಎನ್ನುವುದೇ ಮರೆತುಹೋಯಿತು.

ಕತ್ತಲಾಗುವ ಹೊತ್ತಿಗೆ ಅವಳು ಎದ್ದು ಮೈ ಮುರಿದಳು. ಒಂದು ದೊಡ್ಡ ಉಸಿರು ಬಿಟ್ಟು ನಕ್ಕಳು.

"ಒಂದ್ ಮಾತ್ ಹೇಳ್ತೆ, ಸಿಟ್ಟ್ ಮಾಡ್ಬೇಡ," ಅಂದಳು. "ನಾ ಬಸ್ಸಲ್ಲಿ ಆಚೆ ಬದಿ ಕೂತ್ಕಣ್ತಿದ್ದೆ ಗೊ. ಈ ಬದಿ ಕೂತ್ರೆ ನೀ ಕಾಣ್ತಿದ್ದೆ, ಎರಡ್ ಕುರ್ಚಿ ಹಾಕ್ಕಂಡು. ಒಂದಿನ ತಪ್ತು, ಎರಡ್ ದಿನ ತಪ್ತು, ಆಮೇಲೆ ಯಾವ ಮುಖ ಹೊತ್ಕಂಡು ಇಳಿಯುದು? ದಿನಾ ಎದೆ ಮೇಲೆ ಕಲ್ಲು ಇಟ್ಟಂಗೆ ಆಗ್ತಿತ್ತು. ಇವತ್ತು ಹಗುರ ಆಯ್ತು. ಈಗ ತೀರ್ತಲ? ಇನ್ನೇನೂ ಬಾಕಿ ಇಲ್ಲಲ?"

"ಇಲ್ಲ. ಎಲ್ಲ ತೀರ್ತು," ಅಂದೆ. ಮತ್ತೇನು ಹೇಳಬೇಕಿತ್ತೆಂದು ಆಗ ನನಗೆ ಗೊತ್ತಿರಲಿಲ್ಲ. ಅವಳು ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿದಳು.

ಶುಕ್ರವಾರ ಗೋವಾದಿಂದ ಬಂದವರಲ್ಲಿ ಒಬ್ಬಳು ಹೆಂಗಸು, ನನ್ನ ಎದುರೇ ಕುರ್ಚಿ ಎಳೆದುಕೊಂಡು ಕೂತಳು. ಅವಳು ಕೊಟ್ಟ ಲೆಕ್ಕ ನನಗೆ ಪೂರ್ತಿ ಬಗೆಹರಿಯಲಿಲ್ಲ. ಆದರೆ ಎಲ್ಲಿ ಸಿಕ್ಕಿಬಿದ್ದಿದ್ದೇನೆ, ಯಾಕೆ ಸಿಕ್ಕಿಬಿದ್ದಿದ್ದೇನೆ, ಇನ್ನು ಯಾವ ಕಡೆಯಿಂದ ನೋಡಬಹುದು ಎಂದು ಒಂದನ್ನೂ ಬಿಡದೆ ಹೇಳಿದೆ. ಅವಳು ನಡುನಡುವೆ ಒಂದೊಂದು ಎಳೆ ಕೊಟ್ಟಳು, ಹಿಡಿದುಕೊಂಡೆ. ಸಾಯಂಕಾಲ ಆಯ್ಕೆಯಾದವರ ಹೆಸರು ಓದಿದಾಗ ನನ್ನದೂ ಇತ್ತು.

ಆಯಿಗೆ ಫೋನ್ ಮಾಡಿದೆ. ಅವಳು ಮೂಗು ಎಳೆಯುವುದು ಕೇಳಿಸಿತು. ಅಪ್ಪನನ್ನು ಕೂಗಿ ಹೇಳಿದಳು. ಆಮೇಲೆ, ಆ ಹುಡುಗಿ ಬಂದಿದ್ದಳಾ ಎಂದು ಕೇಳಿದಳು. ಬಂದಿದ್ದಳು, ಕತ್ತಲವರೆಗೆ ಕೂತು ಹೇಳಿಕೊಟ್ಟಳು, ಈಗ ಎಲ್ಲ ತೀರಿತು ಅಂದೆ. ಆಯಿ ಅಲ್ಲೇ ನನ್ನ ಮಾತು ತಡೆದಳು.

"ಎಲ್ಲಾ ತೀರ್ಸ್ಕಂಡ್ಯ? ಎಂತಕೆ? ಒಂದಾಳಿನ್ ಮುಯ್ಯಾದ್ರೂ ಬಾಕಿ ಉಳ್ಸ್ಕಣುದಲ್ವ ಮಗಾ. ಪೂರಾ ತೀರ್ಸಿದ್ ಮೇಲೆ ಅವರ್ ನಮ್ ಮನೆಗೆ ಬರುದೆಂತಕೆ, ನಾವ್ ಅವರ್ ಮನೆಗೆ ಹೋಗುದೆಂತಕೆ?"

ಅವಳು ಅದನ್ನು ನಗುತ್ತಲೇ ಹೇಳಿದ್ದು, ಮರುಗಳಿಗೆ ಗೋವಾದಲ್ಲಿ ಊಟ ಹೇಗಿರುತ್ತದೋ ಎಂದು ಚಿಂತೆ ಶುರು ಮಾಡಿದಳು. ನಾನು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಎದ್ದೇಳಲಿಲ್ಲ. ಗೆಳತಿಗೆ ಸುದ್ದಿ ಕಳಿಸಿದೆ. ಅವಳಿಂದ ಹೆಬ್ಬೆರಳಿನ ಚಿತ್ರ ಬಂತು, ಅದರ ಹಿಂದೆ ಕುಣಿಯುವ ಒಂದು ಗೊಂಬೆ ಬಂತು.

ಸೋಮವಾರ ಸಂಜೆ ಜಗಲಿಯಲ್ಲಿ ಕೂತಿದ್ದೆ. ಯಜಮಾನತಿ ಎದುರಿನ ಕುರ್ಚಿಯನ್ನು ಕೇಳದೆಯೇ ಒಯ್ದಿದ್ದಳು. ಬಸ್ಸು ಬಂದು ಸೇತುವೆಯ ಮುಂದೆ ನಿಧಾನವಾಯಿತು. ಗೆಳತಿ ಈ ಬದಿಯ ಕಿಟಕಿಯಲ್ಲಿ ಕೂತಿದ್ದಳು. ನನ್ನನ್ನು ಕಂಡದ್ದೇ ತಡ, ಇಡೀ ತೋಳನ್ನು ಹೊರಹಾಕಿ, ಮುಖ ತುಂಬ ನಗುತ್ತ ಕೈ ಬೀಸಿದಳು. ನಾನೂ ಎದ್ದು ನಿಂತು ಬೀಸಿದೆ. ಬಸ್ಸು ನಿಲ್ಲಲಿಲ್ಲ, ಸೇತುವೆ ಹತ್ತಿತು. ಮರುದಿನವೂ ಬೀಸಿದಳು, ಪರೀಕ್ಷೆ ಮುಗಿದು ಅವಳು ಕೆಲಸಕ್ಕೆ ಹೋಗುವವರೆಗೂ ದಿನಾ ಬೀಸಿದಳು. ಅದರಲ್ಲಿ ಕಪಟವೇನೂ ಇರಲಿಲ್ಲ. ಆದರೆ ಅವಳು ಆಚೆ ಬದಿ ಕೂತು ನನ್ನಿಂದ ಮುಖ ತಪ್ಪಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ, ದಿನಕ್ಕೊಂದು ಸಲವಾದರೂ ಅವಳ ಎದೆಯ ಮೇಲೆ ಆ ಕಲ್ಲಾಗಿ ನಾನು ಇದ್ದೆ.